ಹಿಪ್ ಹಾಪ್ ಮತ್ತು ಸಮಾಜ

ಹಿಪ್ ಹಾಪ್ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ 1970ರ ದಶಕದಲ್ಲಿ ಹುಟ್ಟಿದ ಕಲಾಪರಂಪರೆ. ಅಲ್ಲಿನ ಆಫ್ರಿಕನ್ ಅಮೆರಿಕನ್, ಜಮೈಕನ್ ಹಾಗೂ ಪೋರ್ಟೊರಿಕೊ ಮೂಲದ ಕುಟುಂಬಗಳ ಹದಿಹರೆಯದ ಮಕ್ಕಳು ಇದನ್ನು ಕಟ್ಟಿದರು. ಇದಕ್ಕೆ ನಾಲ್ಕು ಅಂಗಗಳು: ಹಳೆಯ ರೆಕಾರ್ಡುಗಳಿಂದ ಹೊಸ ತಾಳ ಹೊರಡಿಸುವ ಡಿಜೆ ಕಲೆ, ಆ ತಾಳದ ಮೇಲೆ ಪ್ರಾಸ ಹಿಡಿದು ಮಾತು ಹೊಸೆಯುವ ರ‍್ಯಾಪ್, ನೆಲಕ್ಕೆ ತಲೆಯೂರಿ ಬುಗುರಿಯಂತೆ ತಿರುಗುವ ಬ್ರೇಕಿಂಗ್ ನೃತ್ಯ, ಗೋಡೆ ಮತ್ತು ರೈಲುಬೋಗಿಗಳ ಮೇಲೆ ಬಣ್ಣ ಸಿಂಪಡಿಸಿ ಬರೆಯುವ ಗ್ರಾಫಿಟಿ. ಈ ನಾಲ್ಕರಲ್ಲಿ ಹೆಚ್ಚು ದೂರ ಹೋದದ್ದು, ಹೆಚ್ಚು ಜಗಳ ಎಬ್ಬಿಸಿದ್ದು ರ‍್ಯಾಪ್.

ಈ ಕಲೆಗೆ ಸಂಗೀತಶಾಲೆ ಬೇಕಿರಲಿಲ್ಲ, ದುಬಾರಿ ವಾದ್ಯ ಬೇಕಿರಲಿಲ್ಲ, ಸಭಾಭವನವೂ ಬೇಕಿರಲಿಲ್ಲ. ಪತ್ರಿಕೆ, ಶಾಲೆ, ಸರ್ಕಾರಿ ಕಚೇರಿಗಳು ಯಾರ ಮಾತಿಗೆ ಕಿವಿಗೊಡುತ್ತಿರಲಿಲ್ಲವೋ ಅವರು ತಮ್ಮ ಬೀದಿಯ ಸ್ಥಿತಿಗೆ ತಾವೇ ಸಾಕ್ಷಿ ಹೇಳುವುದು ಇದರಿಂದ ಸಾಧ್ಯವಾಯಿತು. ಆ ಸಾಕ್ಷ್ಯವನ್ನು ಮಾರುಕಟ್ಟೆ ಸರಕಾಗಿ ಕೊಂಡಿತು, ಪೊಲೀಸರು ಬೆದರಿಕೆ ಎಂದುಕೊಂಡರು, ನ್ಯಾಯಾಲಯಗಳು ಕೆಲವೊಮ್ಮೆ ತಪ್ಪೊಪ್ಪಿಗೆಯಾಗಿ ಓದಿದವು, ದೂರದ ದೇಶಗಳ ಯುವಜನರು ತಮ್ಮದೇ ದನಿ ಮಾಡಿಕೊಂಡರು. ಹಿಪ್ ಹಾಪ್ ಸಮಾಜದ ಮೇಲೆ ಬೀರಿದ ಪ್ರಭಾವವನ್ನು ಅರಿಯಲು ಹಾಡಿದವರಷ್ಟೇ ಕೇಳಿಸಿಕೊಂಡವರನ್ನೂ ಗಮನಿಸಬೇಕಾಗುತ್ತದೆ.

ಹುಟ್ಟಿದ ನೆಲ

ನಗರಯೋಜಕ ರಾಬರ್ಟ್ ಮೋಸೆಸ್ ಯೋಜಿಸಿದ ಕ್ರಾಸ್ ಬ್ರಾಂಕ್ಸ್ ಹೆದ್ದಾರಿಯ ಕಾಮಗಾರಿ 1948ರಲ್ಲಿ ಆರಂಭವಾಗಿ 1972ರವರೆಗೆ ನಡೆಯಿತು. ಜನವಸತಿಯ ನಡುವೆಯೇ ಸೀಳಿಕೊಂಡು ಹೋದ ಈ ರಸ್ತೆಗಾಗಿ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಕಾರ್ಖಾನೆಗಳು ಮುಚ್ಚುತ್ತ ಬಂದವು. ಅನುಕೂಲವಿದ್ದವರು ಹೊರವಲಯಗಳಿಗೆ ಹೋದರು. 1975ರ ಹೊತ್ತಿಗೆ ನ್ಯೂಯಾರ್ಕ್ ಮಹಾನಗರವೇ ದಿವಾಳಿಯ ಅಂಚಿಗೆ ಬಂದಿತ್ತು, ಅಗ್ನಿಶಾಮಕ ಠಾಣೆಗಳಿಗೂ ಬೀಗ ಬಿದ್ದಿತ್ತು. ಬಾಡಿಗೆ ಹುಟ್ಟದ ಕಟ್ಟಡಗಳಿಗೆ ವಿಮೆಯ ಹಣದ ಆಸೆಗೆ ಮಾಲೀಕರೇ ಬೆಂಕಿ ಇಡಿಸಿದ ಪ್ರಕರಣಗಳಿದ್ದವು. 1970ರಿಂದ 1980ರ ಅವಧಿಯಲ್ಲಿ ಬ್ರಾಂಕ್ಸ್‌ನ ಏಳು ಜನಗಣತಿ ವಲಯಗಳು ತಮ್ಮ ಕಟ್ಟಡಗಳಲ್ಲಿ ಶೇ. 97ಕ್ಕಿಂತ ಹೆಚ್ಚನ್ನು ಬೆಂಕಿ ಮತ್ತು ಪಾಳುಬೀಳುವಿಕೆಗೆ ಕಳೆದುಕೊಂಡವು.

ಇಂಥ ಕೇರಿಗಳಲ್ಲಿ ಹುಡುಗರ ಗ್ಯಾಂಗುಗಳೇ ಗಡಿ ಗೆರೆ ಎಳೆಯುತ್ತಿದ್ದವು. 1971ರ ಡಿಸೆಂಬರ್‌ನಲ್ಲಿ ರಾಜಿ ಮಾಡಿಸಲು ಹೋದ ಘೆಟ್ಟೊ ಬ್ರದರ್ಸ್ ಗುಂಪಿನ ಒಬ್ಬ ಸದಸ್ಯನ ಕೊಲೆಯಾಯಿತು. ಸೇಡು ತೀರಿಸುವ ಬದಲು ಆ ಗುಂಪು ಎಲ್ಲ ಗ್ಯಾಂಗುಗಳನ್ನೂ ಹೋ ಅವೆನ್ಯೂವಿನ ಒಂದು ಸಭೆಗೆ ಕರೆಯಿತು. ಅಲ್ಲಿ ಆದ ಒಪ್ಪಂದ ಪೂರ್ಣ ಶಾಂತಿಯನ್ನೇನೂ ತರಲಿಲ್ಲ. ಆದರೆ ಒಂದು ಬೀದಿಯ ಹುಡುಗ ಇನ್ನೊಂದು ಬೀದಿಯ ಕುಣಿತಕ್ಕೆ ಹೋಗಿಬರುವಷ್ಟು ದಾರಿ ತೆರೆಯಿತು. ಮುಂದೆ ಬ್ಲ್ಯಾಕ್ ಸ್ಪೇಡ್ಸ್ ಗ್ಯಾಂಗಿನ ಹಿನ್ನೆಲೆಯ ಆಫ್ರಿಕಾ ಬಂಬಾಟಾ ಯೂನಿವರ್ಸಲ್ ಜುಲು ನೇಷನ್ ಎಂಬ ಸಂಘಟನೆ ಕಟ್ಟಿ, ಹೊಡೆದಾಟದ ಪೈಪೋಟಿಯನ್ನು ಕುಣಿತ ಮತ್ತು ಮಾತಿನ ಪೈಪೋಟಿಯತ್ತ ತಿರುಗಿಸಲು ಯತ್ನಿಸಿದ.

1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ವಸತಿ ಸಮುಚ್ಚಯದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳುವ ಹಣಕ್ಕಾಗಿ ಒಂದು ಪಾರ್ಟಿ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶಧನ. ರೆಕಾರ್ಡು ನುಡಿಸಿದವನು ಆಕೆಯ ಅಣ್ಣ, ಜಮೈಕದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ ಬಂದಿದ್ದ ಕ್ಲೈವ್ ಕ್ಯಾಂಪ್‌ಬೆಲ್. ಊರಿಗೆಲ್ಲ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಗಾಯನ ನಿಂತು ಡ್ರಮ್ಮು ಮಾತ್ರ ಮೊಳಗುವ ತುಣುಕು ಬಂದಾಗಲೇ ಕುಣಿಯುವವರು ಮೈದುಂಬುತ್ತಾರೆಂಬುದನ್ನು ಆತ ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಆ ತುಣುಕನ್ನೇ ಮತ್ತೆ ಮತ್ತೆ ನುಡಿಸಿ ಹಿಗ್ಗಿಸುವ ತಂತ್ರ ಆತನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಗೆಳೆಯ ಕೋಕ್ ಲಾ ರಾಕ್ ಮೈಕ್ ಹಿಡಿದು ನೆರೆದವರನ್ನು ಹೆಸರು ಕೂಗಿ ಹುರಿದುಂಬಿಸುತ್ತಿದ್ದ. ರ‍್ಯಾಪ್‌ನ ಒಂದು ಬೇರು ಈ ಕೂಗಿನಲ್ಲಿದೆ. ಜಮೈಕದ ಡಿಜೆಗಳು ತಾಳದ ಮೇಲೆ ಮಾತು ಹೆಣೆಯುವ ಟೋಸ್ಟಿಂಗ್, ಕಪ್ಪು ಜನರ ಬೀದಿಬದಿಯ ಹೀಯಾಳಿಕೆಯ ಮಾತಿನಾಟ, 1960ರ ದಶಕದ ಕೊನೆಯಲ್ಲಿ ಹುಟ್ಟಿದ ಲಾಸ್ಟ್ ಪೊಯೆಟ್ಸ್ ಬಳಗದ ವಾಚನಕಾವ್ಯ, ಚರ್ಚಿನ ಉಪದೇಶದ ಏರಿಳಿತ ಇವು ಉಳಿದ ಬೇರುಗಳು. ಬಳಿಕ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತುಣುಕು ಜೋಡಿಸುವ ಕೈಚಳಕವನ್ನು ಕರಾರುವಾಕ್ಕಾಗಿಸಿದರೆ, ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್ ರೆಕಾರ್ಡನ್ನು ಮುಂದಕ್ಕೂ ಹಿಂದಕ್ಕೂ ಉಜ್ಜಿ ದನಿ ಹೊರಡಿಸುವ ಸ್ಕ್ರ್ಯಾಚ್ ತಂತ್ರವನ್ನು ರೂಪಿಸಿದ.

ಬೀದಿಯಿಂದ ಮಾರುಕಟ್ಟೆಗೆ

ಮೊದಲ ಆರು ವರ್ಷ ರ‍್ಯಾಪ್ ಪಾರ್ಕು, ನೆಲಮಾಳಿಗೆ, ಕೈಯಿಂದ ಕೈಗೆ ದಾಟುವ ಕ್ಯಾಸೆಟ್ಟುಗಳಲ್ಲಿ ಬದುಕಿತ್ತು. 1979ರಲ್ಲಿ ಸಿಲ್ವಿಯಾ ರಾಬಿನ್‌ಸನ್ ನಡೆಸುತ್ತಿದ್ದ ನ್ಯೂಜೆರ್ಸಿಯ ಶುಗರ್ ಹಿಲ್ ರೆಕಾರ್ಡ್ಸ್ ಸಂಸ್ಥೆ ‘ರ‍್ಯಾಪರ್ಸ್ ಡಿಲೈಟ್’ ಹೊರತಂದಾಗ ಅದು ದೇಶವ್ಯಾಪಿ ಸರಕಾಯಿತು. ಅದನ್ನು ಹಾಡಿದ ಶುಗರ್‌ಹಿಲ್ ಗ್ಯಾಂಗ್ ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ ಪಳಗಿದ ತಂಡವಲ್ಲ, ಮುದ್ರಣಕ್ಕೆಂದೇ ಕೂಡಿಸಿದ್ದು. ಕಟ್ಟಿದವರೊಬ್ಬರು, ಗಳಿಸಿದವರೊಬ್ಬರು ಎಂಬ ದೂರು ಅಲ್ಲಿಂದಲೇ ಶುರುವಾಗಿ ಹಿಪ್ ಹಾಪ್ ಹೋದಲ್ಲೆಲ್ಲ ಬೆನ್ನುಹತ್ತಿ ಹೋಯಿತು.

1982ರ ‘ದಿ ಮೆಸೇಜ್’ ದಿಕ್ಕು ಬದಲಿಸಿತು. ಅಲ್ಲಿಯವರೆಗಿನ ರ‍್ಯಾಪ್‌ನಲ್ಲಿ ಬಹುಪಾಲು ಪಾರ್ಟಿಯ ಉತ್ಸಾಹವಿತ್ತು, ಆತ್ಮಪ್ರಶಂಸೆಯಿತ್ತು. ಈ ಹಾಡು ಒಡೆದ ಗಾಜು, ಇಲಿ, ಸಾಲ, ಜೈಲುಗಳ ನಡುವಿನ ಬದುಕನ್ನು ನಿಧಾನಗತಿಯ ತಾಳದಲ್ಲಿ ಮುಂದಿಟ್ಟಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಯ ಮೊದಲ ಪಟ್ಟಿಗೆ ಸೇರಿಸಿದ ಹಿಪ್ ಹಾಪ್ ಕೃತಿ ಇದು. 1986ರಲ್ಲಿ ರನ್ ಡಿಎಂಸಿ ತಂಡ ರಾಕ್ ತಂಡ ಏರೋಸ್ಮಿತ್ ಜೊತೆ ಹಾಡಿ ಬಿಳಿಯ ಶ್ರೋತೃಗಳನ್ನು ತಲುಪಿತು. ಅದೇ ವರ್ಷ ಅಡಿಡಾಸ್ ಕಂಪನಿ ಆ ತಂಡದೊಂದಿಗೆ ಒಪ್ಪಂದ ಮಾಡಿಕೊಂಡಿತು. ಆಟಗಾರರಲ್ಲದವರು ಬೂಟಿನ ಜಾಹೀರಾತಿಗೆ ಬಂದದ್ದು ಆಗ ಹೊಸದು. ಬೀದಿಯ ಉಡುಪು ಅಂಗಡಿಯ ಫ್ಯಾಷನ್ ಆಗುವ ದಾರಿ ಅಲ್ಲಿ ತೆರೆಯಿತು.

1991ರ ಮೇ ತಿಂಗಳಲ್ಲಿ ನಡೆದ ಒಂದು ಬದಲಾವಣೆ ಹೊರಗಿನವರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಬಿಲ್‌ಬೋರ್ಡ್ ಪತ್ರಿಕೆ ಆಲ್ಬಮ್‌ಗಳ ಪಟ್ಟಿಯನ್ನು ಅಂಗಡಿಯವರ ಬಾಯಿಮಾತಿನ ಬದಲು ಬಾರ್‌ಕೋಡ್ ಆಧಾರದ ಸೌಂಡ್‌ಸ್ಕ್ಯಾನ್ ಲೆಕ್ಕದ ಮೇಲೆ ತಯಾರಿಸತೊಡಗಿತು. ಕೆಲವೇ ವಾರಗಳಲ್ಲಿ ಲಾಸ್ ಏಂಜಲೀಸ್ ಬಳಿಯ ಕಾಂಪ್ಟನ್ ಊರಿನ ಎನ್‌ಡಬ್ಲ್ಯೂಎ ತಂಡದ ಆಲ್ಬಮ್ ಪಟ್ಟಿಯ ತಲೆಗೇರಿತು. ರ‍್ಯಾಪ್‌ಗೆ ಎಷ್ಟು ಕೊಳ್ಳುಗರಿದ್ದಾರೆ, ಅವರಲ್ಲಿ ನಗರದ ಹೊರವಲಯದ ಬಿಳಿಯ ಯುವಕರೆಷ್ಟು ಎಂಬುದು ಉದ್ಯಮಕ್ಕೆ ಆಗ ಗೊತ್ತಾಯಿತು. ಕೊಳ್ಳುವವರು ಬಯಸುವ ಚಿತ್ರಕ್ಕೆ, ಅಂದರೆ ಬಂದೂಕು, ಗ್ಯಾಂಗು, ಚಿನ್ನದ ಸರಗಳ ಚಿತ್ರಕ್ಕೆ ಬೇಡಿಕೆ ಏರಿತು. ಬಡ ಕೇರಿಯ ಸಾಕ್ಷ್ಯ ದೂರದ ಕೋಣೆಗಳಲ್ಲಿ ರೋಚಕ ಕಥೆಯಾಯಿತು.

2017ರಲ್ಲಿ ನೀಲ್ಸನ್ ಸಂಸ್ಥೆಯ ಲೆಕ್ಕದಂತೆ ಆರ್‌ ಅಂಡ್‌ ಬಿ ಹಾಗೂ ಹಿಪ್ ಹಾಪ್ ಸೇರಿದ ಪ್ರಕಾರ ಮೊದಲ ಸಲ ರಾಕ್ ಸಂಗೀತವನ್ನು ಹಿಂದಿಕ್ಕಿ ಅಮೆರಿಕದಲ್ಲಿ ಅತಿ ಹೆಚ್ಚು ಕೇಳುವ ಸಂಗೀತವಾಯಿತು. ರ‍್ಯಾಪರ್ ಡಾಕ್ಟರ್ ಡ್ರೇ ಪಾಲುದಾರರಾಗಿದ್ದ, ಹೆಡ್‌ಫೋನ್ ತಯಾರಿಸುವ ಬೀಟ್ಸ್ ಕಂಪನಿಯನ್ನು ಆ್ಯಪಲ್ 2014ರಲ್ಲಿ 300 ಕೋಟಿ ಡಾಲರ್‌ಗೆ ಕೊಂಡಿತು. ಜೇ ಝೀ ಅವರನ್ನು ಫೋರ್ಬ್ಸ್ ಪತ್ರಿಕೆ 2019ರಲ್ಲಿ 100 ಕೋಟಿ ಡಾಲರ್ ಆಸ್ತಿಯ ಮೊದಲ ಹಿಪ್ ಹಾಪ್ ಕಲಾವಿದ ಎಂದು ಹೆಸರಿಸಿತು. ಬೆರಳೆಣಿಕೆಯ ಈ ಯಶಸ್ಸುಗಳು ಕಪ್ಪು ಉದ್ಯಮಶೀಲತೆಗೆ ಮಾದರಿಯಾದವು ನಿಜ. ಬ್ರಾಂಕ್ಸ್‌ನ ದಕ್ಷಿಣ ಭಾಗ ಮಾತ್ರ ಇಂದಿಗೂ ಅಮೆರಿಕದ ತೀರಾ ಬಡ ಪ್ರದೇಶಗಳಲ್ಲಿ ಒಂದು.

ರಾಜಕೀಯದ ದನಿ

ಪಬ್ಲಿಕ್ ಎನಿಮಿ ತಂಡದ ಚಕ್ ಡಿ ರ‍್ಯಾಪನ್ನು ಕಪ್ಪು ಜನರ ಸುದ್ದಿವಾಹಿನಿಯೆಂಬಂತೆ ಕಂಡವರು. ತಂಡದ ‘ಫೈಟ್ ದ ಪವರ್’ ಹಾಡು ಸ್ಪೈಕ್ ಲೀ ನಿರ್ದೇಶನದ ‘ಡು ದ ರೈಟ್ ಥಿಂಗ್’ (1989) ಚಿತ್ರಕ್ಕಾಗಿ ಮೂಡಿತು. ಎನ್‌ಡಬ್ಲ್ಯೂಎ 1988ರ ಆಲ್ಬಮ್‌ನಲ್ಲಿ ಪೊಲೀಸರನ್ನು ನೇರವಾಗಿ ಬೈದು ಹಾಡಿತು. ಆಗಸ್ಟ್ 1989ರಲ್ಲಿ ಎಫ್‌ಬಿಐನ ಹಿರಿಯ ಅಧಿಕಾರಿಯೊಬ್ಬರು ರೆಕಾರ್ಡ್ ಕಂಪನಿಗೆ ಆಕ್ಷೇಪಣೆಯ ಪತ್ರ ಬರೆದರು. ಪತ್ರದಿಂದ ತಂಡದ ಹೆಸರು ಇನ್ನಷ್ಟು ಹಬ್ಬಿತು. 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಥಳಿಸಿದ ದೃಶ್ಯ ವಿಡಿಯೊದಲ್ಲಿ ಸೆರೆಯಾಯಿತು. ಮರುವರ್ಷ ಆ ಪೊಲೀಸರಿಗೆ ಶಿಕ್ಷೆಯಾಗದಿದ್ದಾಗ ನಗರ ಹೊತ್ತಿ ಉರಿಯಿತು. ಅತಿರೇಕವೆಂದು ತಳ್ಳಿಹಾಕಿದ್ದ ಹಾಡುಗಳನ್ನು ಹಲವರು ಮುನ್ಸೂಚನೆಗಳಾಗಿ ಮರಳಿ ಕೇಳಿದ್ದು ಆಗ.

ಹೊಸ ಶತಮಾನದಲ್ಲೂ ಈ ನಂಟು ಮುಂದುವರಿಯಿತು. ಕೆಂಡ್ರಿಕ್ ಲಾಮಾರ್ ಅವರ ‘ಆಲ್‌ರೈಟ್’ 2015ರಿಂದ ಪೊಲೀಸ್ ದೌರ್ಜನ್ಯದ ವಿರುದ್ಧದ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಯ ಮೆರವಣಿಗೆಗಳಲ್ಲಿ ಘೋಷಣೆಯಾಯಿತು. ಅವರ ‘ಡ್ಯಾಮ್’ ಆಲ್ಬಮ್‌ಗೆ 2018ರಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು. ಶಾಸ್ತ್ರೀಯ ಮತ್ತು ಜಾಝ್ ಸಂಗೀತದ ಹೊರಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಲಿನ್ ಮ್ಯಾನ್ಯುಯೆಲ್ ಮಿರಾಂಡ ಅವರ ಸಂಗೀತ ನಾಟಕ ‘ಹ್ಯಾಮಿಲ್ಟನ್’ (2015) ಅಮೆರಿಕದ ಸ್ಥಾಪಕರ ಕಥೆಯನ್ನು ರ‍್ಯಾಪ್‌ನಲ್ಲಿ, ಹೆಚ್ಚಾಗಿ ಬಿಳಿಯರಲ್ಲದ ನಟರ ಬಾಯಲ್ಲಿ ಹೇಳಿಸಿತು.

ಹಿಂಸೆ ಮತ್ತು ಅಶ್ಲೀಲತೆಯ ವಾದ

ರ‍್ಯಾಪ್ ಯುವಕರನ್ನು ಕೆಡಿಸುತ್ತದೆ ಎಂಬ ದೂರು ಅದರಷ್ಟೇ ಹಳೆಯದು. ಆಲ್ಬಮ್‌ಗಳ ಮೇಲೆ ಪೋಷಕರಿಗೆ ಎಚ್ಚರಿಕೆ ಹೇಳುವ ಕಪ್ಪು ಬಿಳುಪಿನ ಚೀಟಿ 1985ರ ಚಳವಳಿಯೊಂದರ ಫಲ. ಆಗ ಅದರ ಗುರಿ ಮುಖ್ಯವಾಗಿ ರಾಕ್ ಮತ್ತು ಪಾಪ್. 1990ರಿಂದ ಏಕರೂಪದ ಚೀಟಿ ಬಂದ ಮೇಲೆ ಅದು ರ‍್ಯಾಪ್ ಆಲ್ಬಮ್‌ಗಳ ಗುರುತೇ ಆಯಿತು. ಅದೇ ವರ್ಷ ಫ್ಲಾರಿಡದ ಫೆಡರಲ್ ನ್ಯಾಯಾಧೀಶರೊಬ್ಬರು 2 ಲೈವ್ ಕ್ರೂ ತಂಡದ ಆಲ್ಬಮನ್ನು ಅಶ್ಲೀಲವೆಂದು ಸಾರಿದರು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು.

1996ರ ಸೆಪ್ಟೆಂಬರ್‌ನಲ್ಲಿ ರ‍್ಯಾಪರ್ ಟುಪಾಕ್ ಶಕೂರ್, 1997ರ ಮಾರ್ಚ್‌ನಲ್ಲಿ ನಟೋರಿಯಸ್ ಬಿಐಜಿ ಗುಂಡಿಗೆ ಬಲಿಯಾದರು. ಟುಪಾಕ್‌ಗೆ ಆಗ 25, ಬಿಐಜಿಗೆ 24. ಪೂರ್ವ ಮತ್ತು ಪಶ್ಚಿಮ ಕರಾವಳಿಯ ಕಲಾವಿದರ ಜಗಳಕ್ಕೆ ಪತ್ರಿಕೆಗಳೂ ಕಂಪನಿಗಳೂ ತುಪ್ಪ ಸುರಿದಿದ್ದವು. ಹಾಡಿನ ಹಿಂಸೆ ಬದುಕಿಗೆ ಹರಿಯುತ್ತದೆ ಎಂಬ ವಾದಕ್ಕೆ ಈ ಎರಡು ಸಾವುಗಳು ಬಲ ಕೊಟ್ಟವು. ಎದುರು ವಾದವೂ ಬಲವಾದದ್ದೇ. ಅಮೆರಿಕದಲ್ಲಿ ಹಿಂಸಾತ್ಮಕ ಅಪರಾಧದ ಪ್ರಮಾಣ 1991ರ ಸುಮಾರಿಗೆ ತುದಿ ಮುಟ್ಟಿ, ಮುಂದಿನ ದಶಕವಿಡೀ ಇಳಿಯುತ್ತ ಹೋಯಿತು. ರ‍್ಯಾಪ್ ಮಾರಾಟ ಏರುತ್ತ ಹೋದದ್ದು ಅದೇ ದಶಕದಲ್ಲಿ. ಕೇಳುವುದಕ್ಕೂ ಕೊಲ್ಲುವುದಕ್ಕೂ ನೇರ ಕಾರಣಸಂಬಂಧ ಹೇಳುವುದು ಇದರಿಂದ ಕಷ್ಟವಾಗುತ್ತದೆ. ಆದರೆ ಗ್ಯಾಂಗುಗಳ ನಡುವೆ ಹಗೆ ಈಗಾಗಲೇ ಇರುವ ಕೇರಿಯಲ್ಲಿ, ಹೆಸರು ಹಿಡಿದು ಹಂಗಿಸುವ ಒಂದು ವಿಡಿಯೊ ಹಗೆಯನ್ನು ಕೆರಳಿಸಬಲ್ಲದು ಎಂಬುದನ್ನು ಷಿಕಾಗೊ ಮತ್ತು ಲಂಡನ್‌ನ ಡ್ರಿಲ್ ಎಂಬ ರ‍್ಯಾಪ್ ಶೈಲಿಯ ಸುತ್ತಣ ಚರ್ಚೆ ಎತ್ತಿತೋರಿಸಿದೆ.

ನ್ಯಾಯಾಲಯದಲ್ಲಿ ಹಿಪ್ ಹಾಪ್

ಹಿಪ್ ಹಾಪ್ ಕಾನೂನನ್ನು ಎರಡು ಕಡೆಯಿಂದ ತಟ್ಟಿತು. ಮೊದಲನೆಯದು ಹಳೆಯ ಮುದ್ರಣಗಳ ತುಣುಕು ಬಳಸುವ ಸ್ಯಾಂಪ್ಲಿಂಗ್. 1991ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯ ರ‍್ಯಾಪರ್ ಬಿಜ್ ಮಾರ್ಕಿಯ ಪ್ರಕರಣದಲ್ಲಿ ಅನುಮತಿಯಿಲ್ಲದ ಸ್ಯಾಂಪ್ಲಿಂಗ್ ಕಳ್ಳತನವೇ ಎಂದಿತು. ಅದುವರೆಗೆ ಒಂದೇ ಹಾಡಿನಲ್ಲಿ ಹತ್ತಾರು ತುಣುಕು ಪೋಣಿಸುತ್ತಿದ್ದ ಶೈಲಿ ಪರವಾನಗಿಯ ಖರ್ಚು ತಾಳಲಾರದೆ ಸೊರಗಿತು. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, 2 ಲೈವ್ ಕ್ರೂ ಮಾಡಿದ ಅಣಕು ಹಾಡಿನ ಮೊಕದ್ದಮೆಯಲ್ಲಿ, ಹಣ ಗಳಿಸುವ ಉದ್ದೇಶವಿದ್ದ ಮಾತ್ರಕ್ಕೆ ಅಣಕಕ್ಕೆ ನ್ಯಾಯಯುತ ಬಳಕೆಯ ರಕ್ಷಣೆ ತಪ್ಪದು ಎಂದು ತೀರ್ಪಿತ್ತಿತು. ಹಾಸ್ಯ, ವಿಮರ್ಶೆ, ವಿಡಂಬನೆಯ ಎಲ್ಲ ಕಲೆಗಳಿಗೂ ಈ ತೀರ್ಪು ಆಸರೆಯಾಗಿದೆ.

ಎರಡನೆಯದು ಸಾಹಿತ್ಯವನ್ನೇ ಅಪರಾಧದ ಪುರಾವೆಯಾಗಿ ಮಂಡಿಸುವ ರೂಢಿ. ಕೊಲೆಯ ಬಗ್ಗೆ ಕಾದಂಬರಿ ಬರೆದವನನ್ನು ಯಾರೂ ಕೊಲೆಗಾರನೆನ್ನುವುದಿಲ್ಲ. ರ‍್ಯಾಪ್‌ನಲ್ಲಿ ‘ನಾನು’ ಎಂದವನ ಮಾತನ್ನು ಮಾತ್ರ ಆತ್ಮಕಥೆಯೆಂದು ಓದುವುದು ಪಕ್ಷಪಾತ ಎಂಬುದು ಕಲಾವಿದರ ಮತ್ತು ಹಲವು ವಿದ್ವಾಂಸರ ವಾದ. ಜಾರ್ಜಿಯದಲ್ಲಿ 2022ರಲ್ಲಿ ರ‍್ಯಾಪರ್ ಯಂಗ್ ಥಗ್ ಮತ್ತಿತರರ ವಿರುದ್ಧ ಹೂಡಿದ ಸಂಘಟಿತ ಅಪರಾಧದ ಮೊಕದ್ದಮೆಯಲ್ಲಿ ಹಾಡಿನ ಸಾಲುಗಳೂ ದೋಷಾರೋಪದಲ್ಲಿದ್ದವು. ಅದೇ ವರ್ಷ ಕ್ಯಾಲಿಫೋರ್ನಿಯ ಇಂಥ ಬಳಕೆಗೆ ಕಡಿವಾಣ ಹಾಕುವ ಕಾಯ್ದೆ ಮಾಡಿತು. ಲಂಡನ್‌ನ ಡ್ರಿಲ್ ಕಲಾವಿದರಾದ ಸ್ಕೆಂಗ್ಡೊ ಮತ್ತು ಎಎಂ, ನಿಷೇಧಾಜ್ಞೆ ಮೀರಿ ತಮ್ಮದೇ ಹಾಡನ್ನು ವೇದಿಕೆಯಲ್ಲಿ ಹಾಡಿದ್ದಕ್ಕೆ 2019ರಲ್ಲಿ ಅಮಾನತಿನಲ್ಲಿಟ್ಟ ಜೈಲುಶಿಕ್ಷೆಗೆ ಗುರಿಯಾದರು.

ಹೆಣ್ಣುಮಕ್ಕಳು ಮತ್ತು ಹಿಪ್ ಹಾಪ್

ಮೊದಲ ಪಾರ್ಟಿ ಏರ್ಪಡಿಸಿದವಳು ಸಿಂಡಿ. ಮೊದಲ ಯಶಸ್ವಿ ರೆಕಾರ್ಡಿನ ನಿರ್ಮಾಪಕಿ ಸಿಲ್ವಿಯಾ. 1984ರಲ್ಲಿ ಹದಿಹರೆಯದ ರಾಕ್ಸಾನ್ ಶಾಂಟೆ ಗಂಡಸರ ತಂಡವೊಂದಕ್ಕೆ ಎದುರುತ್ತರ ಹಾಡಿ, ಸವಾಲು ಜವಾಬಿನ ಸರಣಿಯನ್ನೇ ಹುಟ್ಟುಹಾಕಿದಳು. ಸಾಲ್ಟ್ ಎನ್ ಪೆಪಾ, ಎಂಸಿ ಲೈಟ್, ಕ್ವೀನ್ ಲತೀಫಾ ಬೀದಿ ಕಿರುಕುಳ, ಮನೆಯೊಳಗಿನ ಹೊಡೆತ, ಲೈಂಗಿಕ ಆರೋಗ್ಯಗಳನ್ನು ವಸ್ತುವಾಗಿಸಿದರು. 1999ರಲ್ಲಿ ಗ್ರ್ಯಾಮಿಯ ವರ್ಷದ ಆಲ್ಬಮ್ ಪ್ರಶಸ್ತಿ ಮೊದಲ ಬಾರಿಗೆ ಹಿಪ್ ಹಾಪ್ ಪಾಲಾದದ್ದು ಲಾರಿನ್ ಹಿಲ್ ಅವರಿಂದ.

ಇಷ್ಟಿದ್ದೂ ಹೆಣ್ಣನ್ನು ಭೋಗದ ವಸ್ತುವಾಗಿ ಕಾಣಿಸುವ ಸಾಲುಗಳು, ವಿಡಿಯೊಗಳು ಈ ಪ್ರಕಾರದ ಮೇಲಿನ ಅತಿ ಗಟ್ಟಿಯಾದ ಆರೋಪ. ಈ ಟೀಕೆಯ ತೀಕ್ಷ್ಣ ದನಿಗಳು ಹಿಪ್ ಹಾಪ್ ಕೇಳಿ ಬೆಳೆದ ಕಪ್ಪು ಮಹಿಳೆಯರವೇ. ಟ್ರಿಷಾ ರೋಸ್ ಅವರ ‘ಬ್ಲ್ಯಾಕ್ ನಾಯ್ಸ್’ (1994), ಜೋನ್ ಮಾರ್ಗನ್ ಅವರ 1999ರ ಪ್ರಬಂಧಗಳು ಈ ಸಂಗೀತವನ್ನು ಪ್ರೀತಿಸುತ್ತಲೇ ಪ್ರಶ್ನಿಸಿದವು. 2004ರಲ್ಲಿ ಅಟ್ಲಾಂಟದ ಸ್ಪೆಲ್‌ಮನ್ ಕಾಲೇಜಿನ ವಿದ್ಯಾರ್ಥಿನಿಯರು ನೆಲ್ಲಿ ಎಂಬ ರ‍್ಯಾಪರ್‌ನ ವಿಡಿಯೊವನ್ನು ವಿರೋಧಿಸಿ ಉತ್ತರ ಕೇಳಿದಾಗ, ಕಾಲೇಜಿನಲ್ಲಿ ಆತ ಬೆಂಬಲಿಸಬೇಕಿದ್ದ ಅಸ್ಥಿಮಜ್ಜೆ ದಾನದ ಕಾರ್ಯಕ್ರಮವೇ ನಿಂತುಹೋಯಿತು. ಉದ್ಯಮದ ಬಲಾಢ್ಯ ನಿರ್ಮಾಪಕ ಷಾನ್ ಕೋಂಬ್ಸ್ 2025ರಲ್ಲಿ ವೇಶ್ಯಾವೃತ್ತಿಗಾಗಿ ಜನರನ್ನು ಸಾಗಿಸಿದ ಎರಡು ಆರೋಪಗಳಲ್ಲಿ ದೋಷಿಯೆಂದು ತೀರ್ಮಾನವಾಗಿ, ಇನ್ನೂ ಗಂಭೀರ ಆರೋಪಗಳಿಂದ ಬಿಡುಗಡೆಯಾದರು. ಚರ್ಚೆ ಹಾಡಿನ ಮಾತುಗಳಿಂದ ಉದ್ಯಮದ ಒಳಗಿನ ಅಧಿಕಾರದತ್ತ ಹೊರಳಲು ಇಂಥ ಪ್ರಕರಣಗಳು ಕಾರಣವಾಗಿವೆ.

ಶಿಕ್ಷಣ, ಆರೋಗ್ಯ, ಕ್ರೀಡೆ

ಕಾರ್ನೆಲ್ ವಿಶ್ವವಿದ್ಯಾಲಯ 2007ರಲ್ಲಿ ಹಿಪ್ ಹಾಪ್ ಸಂಗ್ರಹವನ್ನು ಆರಂಭಿಸಿ ಕರಪತ್ರ, ಕ್ಯಾಸೆಟ್ಟು, ಛಾಯಾಚಿತ್ರಗಳನ್ನು ಕಾಪಿಟ್ಟಿದೆ. ಅಮೆರಿಕದ ಹಲವು ಶಾಲೆಗಳಲ್ಲಿ ಛಂದಸ್ಸು, ರೂಪಕಗಳನ್ನು ಕಲಿಸಲು ರ‍್ಯಾಪ್ ಬಳಕೆಯಾಗುತ್ತಿದೆ. ಆಪ್ತಸಮಾಲೋಚಕರು ಮಾತಾಡಲು ಹಿಂಜರಿಯುವ ಹುಡುಗರಿಂದ ಹಾಡು ಬರೆಸುತ್ತಾರೆ.

ಒಂದು ಹಾಡಿನ ಪರಿಣಾಮವನ್ನು ಅಂಕಿಗಳಲ್ಲಿ ಹಿಡಿಯಲು ಯತ್ನಿಸಿದ ಉದಾಹರಣೆಯೂ ಇದೆ. ಲಾಜಿಕ್ ಎಂಬ ರ‍್ಯಾಪರ್ 2017ರಲ್ಲಿ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿಯ ನಂಬರನ್ನೇ ಶೀರ್ಷಿಕೆಯಾಗಿಟ್ಟು ಹಾಡು ಹೊರತಂದರು. ಬ್ರಿಟನ್ನಿನ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ 2021ರಲ್ಲಿ ಬಂದ ಅಧ್ಯಯನದ ಪ್ರಕಾರ, ಹಾಡಿನ ಬಗ್ಗೆ ಅತಿ ಹೆಚ್ಚು ಮಾತು ನಡೆದ 34 ದಿನಗಳಲ್ಲಿ ಸಹಾಯವಾಣಿಗೆ ನಿರೀಕ್ಷೆಗಿಂತ 9,915 ಕರೆಗಳು ಹೆಚ್ಚು ಬಂದವು. ಆತ್ಮಹತ್ಯೆಗಳು 245ರಷ್ಟು ಕಡಿಮೆಯಾದವು. ಹಾಡೇ ಕಾರಣವೆಂದು ಅಧ್ಯಯನ ಸಾಧಿಸುವುದಿಲ್ಲ, ಎರಡೂ ಜೊತೆಯಾಗಿ ನಡೆದವು ಎನ್ನುತ್ತದೆ.

ಬ್ರೇಕಿಂಗ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾಯಿತು. ಮಹಿಳೆಯರಲ್ಲಿ ಜಪಾನಿನ ಆಮಿ, ಪುರುಷರಲ್ಲಿ ಕೆನಡದ ಫಿಲ್ ವಿಜರ್ಡ್ ಚಿನ್ನ ಗೆದ್ದರು. ಬೀದಿಯ ಕುಣಿತಕ್ಕೆ ಅಂಕ ಹಾಕುವುದು ಸರಿಯೇ ಎಂಬ ಪ್ರಶ್ನೆ ನರ್ತಕರ ನಡುವೆಯೇ ಎದ್ದಿತು. 2028ರ ಲಾಸ್ ಏಂಜಲೀಸ್ ಕ್ರೀಡಾಕೂಟದಲ್ಲಿ ಇದಕ್ಕೆ ಸ್ಥಾನವಿಲ್ಲ.

ದೇಶದೇಶಗಳಲ್ಲಿ

ಫ್ರಾನ್ಸ್ ಅಮೆರಿಕದ ಹೊರಗೆ ರ‍್ಯಾಪ್ ಬಲವಾಗಿ ಬೇರೂರಿದ ಮೊದಲ ದೇಶಗಳಲ್ಲೊಂದು. ಉತ್ತರ ಹಾಗೂ ಪಶ್ಚಿಮ ಆಫ್ರಿಕದಿಂದ ಬಂದ ವಲಸಿಗರ ಮಕ್ಕಳು ನಗರಗಳ ಅಂಚಿನ ಬಹುಮಹಡಿ ವಸತಿಗಳಲ್ಲಿ ಇದನ್ನು ಬೆಳೆಸಿದರು. ರೇಡಿಯೊದಲ್ಲಿ ಶೇ. 40ರಷ್ಟು ಫ್ರೆಂಚ್ ಹಾಡುಗಳಿರಬೇಕೆಂಬ ನಿಯಮ 1996ರಲ್ಲಿ ಜಾರಿಯಾದಾಗ ಅದರ ಲಾಭ ಪಡೆದವರಲ್ಲಿ ಫ್ರೆಂಚ್ ರ‍್ಯಾಪರ್‌ಗಳೂ ಇದ್ದರು. ಅದೇ ವರ್ಷ ಎನ್‌ಟಿಎಂ ತಂಡದ ಇಬ್ಬರಿಗೆ ವೇದಿಕೆಯಿಂದ ಪೊಲೀಸರನ್ನು ನಿಂದಿಸಿದ್ದಕ್ಕೆ ಶಿಕ್ಷೆಯಾಯಿತು. ಒಂದು ಕೈಯಲ್ಲಿ ಪೋಷಣೆ, ಇನ್ನೊಂದು ಕೈಯಲ್ಲಿ ದಂಡನೆ.

ಸೆನೆಗಲ್‌ನಲ್ಲಿ ಕರ್ ಗುಯಿ ತಂಡದ ರ‍್ಯಾಪರ್‌ಗಳೂ ಪತ್ರಕರ್ತರೂ ಸೇರಿ 2011ರಲ್ಲಿ ‘ಯಾನ್ ಆ ಮಾರ್’ ಚಳವಳಿ ಕಟ್ಟಿ, ಯುವಕರನ್ನು ಮತದಾರರ ಪಟ್ಟಿಗೆ ಸೇರಿಸಲು ದುಡಿದರು. ಮೂರನೆಯ ಅವಧಿಗೆ ಹೊರಟಿದ್ದ ಅಧ್ಯಕ್ಷ ವಾಡ್ 2012ರಲ್ಲಿ ಸೋತರು. ಟ್ಯುನೀಷಿಯದ ಎಲ್ ಜೆನೆರಾಲ್ 2010ರ ಕೊನೆಯಲ್ಲಿ ಅಧ್ಯಕ್ಷರನ್ನೇ ಉದ್ದೇಶಿಸಿ ಹಾಡಿ, 2011ರ ಜನವರಿ ಆರಂಭದಲ್ಲಿ ಬಂಧಿತನಾದ. ಅದೇ ತಿಂಗಳು ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದರು. ಇರಾನಿನ ತೂಮಾಜ್ ಸಾಲೆಹಿಗೆ 2022ರ ಪ್ರತಿಭಟನೆಗಳನ್ನು ಬೆಂಬಲಿಸಿದ್ದಕ್ಕಾಗಿ 2024ರ ಏಪ್ರಿಲ್‌ನಲ್ಲಿ ಮರಣದಂಡನೆ ವಿಧಿಸಲಾಯಿತು. ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ ಮೇಲೆ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಆಳುವವರು ಒಂದು ಪದ್ಯಕ್ಕೆ ಎಷ್ಟು ಹೆದರುತ್ತಾರೆಂಬುದಕ್ಕೆ ಇವು ದಾಖಲೆಗಳು.

ಭಾರತದಲ್ಲಿ

ಭಾರತದಲ್ಲಿ ರ‍್ಯಾಪ್ ಜನಪ್ರಿಯವಾದದ್ದು 1992ರಲ್ಲಿ ಬಾಬಾ ಸೆಹಗಲ್ ಅವರ ‘ಠಂಡಾ ಠಂಡಾ ಪಾನಿ’ ಆಲ್ಬಮ್‌ನಿಂದ. ಅದರ ಸ್ವಭಾವ ತಮಾಷೆಯದು. ಯೋ ಯೋ ಹನಿ ಸಿಂಗ್ ಅವರ ಕಾಲಕ್ಕೆ ಪಂಜಾಬಿ ಪಾರ್ಟಿ ಹಾಡಾಗಿ ಅದು ಮದುವೆಮನೆಗಳಿಗೂ ನುಗ್ಗಿತು. ಡಿಸೆಂಬರ್ 2012ರ ದೆಹಲಿ ಅತ್ಯಾಚಾರ ಪ್ರಕರಣದ ಬಳಿಕ ಇಂಥ ಹಾಡುಗಳ ಸ್ತ್ರೀದ್ವೇಷ ಸಾರ್ವಜನಿಕ ಚರ್ಚೆಯಾಯಿತು.

ಬೀದಿಯ ಸಾಕ್ಷ್ಯವೆಂಬ ಅರ್ಥದಲ್ಲಿ ರ‍್ಯಾಪ್ ನೆಲೆಗೊಂಡದ್ದು ನಂತರ. ಕಾಶ್ಮೀರದ ಎಂಸಿ ಕಾಶ್ 2010ರ ಪ್ರತಿಭಟನೆಗಳ ಕಾಲದಲ್ಲಿ ಹಾಡಿದರು. ಮುಂಬೈಯ ಡಿವೈನ್ ಮತ್ತು ನೇಜಿ ತಮ್ಮ ಗಲ್ಲಿಗಳ ಹಿಂದಿಯಲ್ಲೇ ಬರೆದು, 2015ರ ‘ಮೇರೆ ಗಲ್ಲಿ ಮೇ’ ಹಾಡಿನಿಂದ ಹೆಸರಾದರು. ಅವರ ಬದುಕಿನಿಂದ ಪ್ರೇರಿತವಾದ ಝೋಯಾ ಅಖ್ತರ್ ಅವರ ಚಿತ್ರ ‘ಗಲ್ಲಿ ಬಾಯ್’ (2019) ದೇಶವ್ಯಾಪಿ ಕುತೂಹಲ ಹುಟ್ಟಿಸಿತು. ಸೋಫಿಯಾ ಅಶ್ರಫ್ 2015ರಲ್ಲಿ ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮಾಲಿನ್ಯದ ಬಗ್ಗೆ ಹಾಡಿದ ವಿಡಿಯೊ ಲಕ್ಷಾಂತರ ಜನರನ್ನು ತಲುಪಿತು. 2016ರ ಮಾರ್ಚ್‌ನಲ್ಲಿ ಕಾರ್ಖಾನೆ ನಡೆಸಿದ್ದ ಹಿಂದೂಸ್ತಾನ್ ಯೂನಿಲಿವರ್ 591 ಮಾಜಿ ಕಾರ್ಮಿಕರೊಂದಿಗೆ ಒಪ್ಪಂದಕ್ಕೆ ಬಂತು. ಅದರ ಹಿಂದೆ ಕಾರ್ಮಿಕರ ಹದಿನೈದು ವರ್ಷಗಳ ಹೋರಾಟವಿತ್ತು. ಹಾಡು ಮಾಡಿದ್ದು ಆ ಹೋರಾಟದತ್ತ ಜಗತ್ತಿನ ಮುಖ ತಿರುಗಿಸುವ ಕೆಲಸ.

ಜಾತಿಯ ಪ್ರಶ್ನೆಯಲ್ಲಿ ಭಾರತದ ರ‍್ಯಾಪ್ ತನ್ನದೇ ದಾರಿ ಕಂಡುಕೊಂಡಿದೆ. ಅಮೆರಿಕದ ಕಪ್ಪು ಹೋರಾಟಕ್ಕೂ ಇಲ್ಲಿನ ದಲಿತ ಹೋರಾಟಕ್ಕೂ ನಂಟು ಹಳೆಯದು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ ತೆಗೆದುಕೊಂಡಿತ್ತು. ಒಡಿಶಾದ ಕೊರಾಪುಟ್‌ನ ಸುಮಿತ್ ಸಾಮೋಸ್, ಕೇರಳದ ವೇಡನ್, ನಿರ್ದೇಶಕ ಪಾ. ರಂಜಿತ್ ಬೆಂಬಲದಿಂದ ಚೆನ್ನೈಯಲ್ಲಿ ರೂಪುಗೊಂಡ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಈ ಸಾಲಿನವು. ಚೆನ್ನೈ ತಂಡ ಅಲ್ಲಿನ ಗಾನಾ ಹಾಡಿನ ಧಾಟಿಯನ್ನು ರ‍್ಯಾಪ್ ಜೊತೆ ಬೆಸೆಯಿತು. ಅದರ ಸದಸ್ಯ ಅರಿವು, ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿದ ಅಜ್ಜಿಯ ನೆನಪುಗಳಿಂದ 2021ರ ‘ಎಂಜಾಯ್ ಎಂಜಾಮಿ’ ಬರೆದರು. ಅದೇ ವರ್ಷ ಒಂದು ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಜೊತೆಗಾಯಕಿ ಇದ್ದು ಅರಿವು ಇಲ್ಲದಿದ್ದಾಗ ವ್ಯಾಪಕ ಟೀಕೆ ಬಂದು, ಪತ್ರಿಕೆ ಅವರಿಗೂ ಮುಖಪುಟ ಕೊಡಬೇಕಾಯಿತು. ದುಡಿದವರ ಹೆಸರು ಯಾರ ಪಾಲಿಗೆ ಎಂಬ 1979ರ ಪ್ರಶ್ನೆ ಇಲ್ಲಿ ಜಾತಿಯ ಸಂದರ್ಭದಲ್ಲಿ ಮರಳಿ ಬಂತು.

ಕರ್ನಾಟಕದಲ್ಲಿ

ಬೆಂಗಳೂರಿನ ಹಿಪ್ ಹಾಪ್ ಮೊದಲು ಇಂಗ್ಲಿಷ್‌ನಲ್ಲಿ ಗುರುತು ಪಡೆಯಿತು. ಬ್ರೋಧಾ ವಿ ಮತ್ತು ಸ್ಮೋಕಿ ದ ಘೋಸ್ಟ್ ಮಚಾಸ್ ವಿತ್ ಆಟಿಟ್ಯೂಡ್ ತಂಡದಲ್ಲಿದ್ದವರು; ಬ್ರೋಧಾ ವಿ ಅವರ ‘ಆತ್ಮ ರಾಮ’ (2012) ರಾಮಸ್ತುತಿಯ ಸಂಸ್ಕೃತ ಪಲ್ಲವಿಯನ್ನು ರ‍್ಯಾಪ್‌ಗೆ ಬೆಸೆದ ಪ್ರಯೋಗ. ಕೇರಳದಲ್ಲಿ ಹುಟ್ಟಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದ ಹನುಮಾನ್‌ಕೈಂಡ್ ಕಲಾವಿದರಾಗಿ ರೂಪುಗೊಂಡದ್ದು ಬೆಂಗಳೂರಿನಲ್ಲಿ. ಜಾತ್ರೆಗಳಲ್ಲಿ ಬಾವಿಯಂಥ ಗೋಡೆಯ ಮೇಲೆ ಬೈಕು, ಕಾರು ಓಡಿಸುವ ಸಾಹಸಿಗರ ನಡುವೆ ಚಿತ್ರಿಸಿದ ಅವರ ‘ಬಿಗ್ ಡಾಗ್ಸ್’ 2024ರಲ್ಲಿ ಬಿಲ್‌ಬೋರ್ಡ್‌ನ ನೂರು ಹಾಡುಗಳ ಪಟ್ಟಿಯಲ್ಲಿ 23ನೆಯ ಸ್ಥಾನ ಮುಟ್ಟಿತು.

ಕನ್ನಡ ರ‍್ಯಾಪ್ ಮನೆಮಾತಾದದ್ದು ಚಂದನ್ ಶೆಟ್ಟಿ ಮತ್ತು ಆಲ್ ಓಕೆ ಅವರಿಂದ. ಚಂದನ್ ಶೆಟ್ಟಿ 2018ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ ಐದನೇ ಆವೃತ್ತಿಯನ್ನು ಗೆದ್ದಾಗ ಟಿವಿ ನೋಡುವ ಹಿರಿಯರಿಗೂ ಈ ಪ್ರಕಾರದ ಪರಿಚಯವಾಯಿತು. ರಾಹುಲ್ ಡಿಟ್ ಓ, ಎಂಸಿ ಬಿಜ್ಜು, ಗುಬ್ಬಿ, ಸಿರಿ ಮೊದಲಾದವರು ಸಿನಿಮಾ ಹಾಡಿನ ಅಚ್ಚಿಗಿಂತ ಭಿನ್ನವಾದ, ನಗರದ ಆಡುಮಾತಿಗೆ ಹತ್ತಿರದ ದಾರಿ ಹಿಡಿದಿದ್ದಾರೆ.

ಇಲ್ಲಿ ರ‍್ಯಾಪ್‌ನ ಸಾಮಾಜಿಕ ಪಾತ್ರ ಬ್ರಾಂಕ್ಸ್‌ನದಕ್ಕಿಂತ, ಚೆನ್ನೈಯದಕ್ಕಿಂತ ಬೇರೆಯಾಗಿರುವುದಕ್ಕೆ ಒಂದು ಕಾರಣ ಚರಿತ್ರೆಯಲ್ಲಿದೆ. ಕೂಲ್ ಹರ್ಕ್ ರೆಕಾರ್ಡು ತಿರುಗಿಸುತ್ತಿದ್ದ ದಶಕದಲ್ಲೇ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ತಮಟೆಯೊಂದಿಗೆ ಊರೂರು ಸುತ್ತಿದ ಹೋರಾಟದ ಹಾಡುಗಳು ಹಸಿವಿಗೂ ಅವಮಾನಕ್ಕೂ ಸಾಕ್ಷಿ ಹೇಳುವ ಕೆಲಸವನ್ನು ಆಗಲೇ ವಹಿಸಿಕೊಂಡಿದ್ದವು. ಕನ್ನಡ ರ‍್ಯಾಪ್ ಬಹುಮಟ್ಟಿಗೆ ಪಾರ್ಟಿ, ಪ್ರೇಮವೈಫಲ್ಯ, ನುಡಿಯ ಅಭಿಮಾನಗಳ ದಾರಿಯಿಂದ ಬಂತು. ಪ್ರಾಸದ ಸವಾಲು ಜವಾಬು ಕೂಡ ಕನ್ನಡಕ್ಕೆ ಹೊಸತಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ ಪಕ್ಷ ಗಂಡು ಹೆಚ್ಚೆಂದೂ ನಾಗೇಶಿ ಪಕ್ಷ ಹೆಣ್ಣು ಹೆಚ್ಚೆಂದೂ ಇರುಳಿಡೀ ವಾದ ಹೂಡುತ್ತವೆ. ರ‍್ಯಾಪ್‌ಗೂ ಇವಕ್ಕೂ ವಂಶಸಂಬಂಧವಿಲ್ಲ. ಆದರೆ ಕೇಳುವ ಕಿವಿ ಇಲ್ಲಿ ಮೊದಲೇ ಸಿದ್ಧವಾಗಿತ್ತು.

ಜನಪದದ ಒಡೆತನದ ಪ್ರಶ್ನೆ ಕನ್ನಡದಲ್ಲಿ ತೀಕ್ಷ್ಣವಾಗಿ ಎದ್ದದ್ದು 2020ರ ಆಗಸ್ಟ್‌ನಲ್ಲಿ. ಮಲೆ ಮಹದೇಶ್ವರ ಕಾವ್ಯಪರಂಪರೆಯ ‘ಕೋಲುಮಂಡೆ’ ಪದವನ್ನು ಚಂದನ್ ಶೆಟ್ಟಿ ರ‍್ಯಾಪ್ ಮಾಡಿದಾಗ, ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಚಾಮರಾಜನಗರ ಭಾಗದ ಭಕ್ತರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿ ವಿಡಿಯೊವನ್ನು ಯೂಟ್ಯೂಬ್‌ನಿಂದ ತೆಗೆದರು. ನ್ಯೂಯಾರ್ಕ್‌ನಲ್ಲಿ ಸ್ಯಾಂಪ್ಲಿಂಗ್ ತುಣುಕಿನ ಒಡೆತನವನ್ನು ಹಕ್ಕುಪತ್ರ ನೋಡಿ ತೀರ್ಮಾನಿಸಿದ್ದರು. ಇಲ್ಲಿ ಹಕ್ಕುಪತ್ರವಿಲ್ಲದ ಕಾವ್ಯವನ್ನು ತಲೆಮಾರುಗಳಿಂದ ಹಾಡಿ ಉಳಿಸಿಕೊಂಡ ಕಂಸಾಳೆಯವರು, ದೇವರಗುಡ್ಡರು ಇದ್ದಾರೆ. ಅವರ ಮಾತಿಗೆ ಕಾನೂನಿನಲ್ಲಿ ಇನ್ನೂ ಸ್ಪಷ್ಟ ಸ್ಥಾನವಿಲ್ಲ.

ಮೌಲ್ಯಮಾಪನ

ಹಿಪ್ ಹಾಪ್ ಸರ್ಕಾರಗಳನ್ನು ಉರುಳಿಸಿತು ಎಂಬುದೂ ಒಂದು ತಲೆಮಾರನ್ನು ಹಾಳುಮಾಡಿತು ಎಂಬುದೂ ಅಳತೆ ಮೀರಿದ ಮಾತುಗಳು. ಡಕಾರ್‌ನಲ್ಲಿ ಸೆನೆಗಲ್‌ನ ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋದ ಕಾರ್ಯಕರ್ತರಿದ್ದರು, ಕೊಡೈಕೆನಾಲ್‌ನಲ್ಲಿ ಪಟ್ಟು ಬಿಡದ ಕಾರ್ಮಿಕರಿದ್ದರು. ಅಂಥ ಸಂಘಟನೆ ಇದ್ದಲ್ಲಿ ಹಾಡು ಬಲ ತುಂಬಿತು, ಇಲ್ಲದಲ್ಲಿ ಮನರಂಜನೆಯಾಗಿ ಉಳಿಯಿತು ಅಥವಾ ಬೂಟು ಮಾರಿತು. ಅದು ನಿಸ್ಸಂದೇಹವಾಗಿ ಬದಲಿಸಿದ್ದು ಯಾರು ಮಾತಾಡಬಹುದು ಎಂಬ ರೂಢಿಯನ್ನು. ಶಾಲೆ ಬಿಟ್ಟ ಹುಡುಗ, ವಲಸಿಗರ ಮಗಳು, ಕೇರಿಯ ಮೊಮ್ಮಗ ತಮ್ಮ ಆಡುಮಾತಿನಲ್ಲಿ, ಊರಿನ ಹೆಸರು ಹೇಳಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ ಕವಿಗಳಾದರು. ಆ ಮಾತಿನಿಂದ ಬರುವ ಹಣ ಯಾರಿಗೆ ಸೇರಬೇಕು, ಅದನ್ನು ಕಲೆಯೆಂದು ಓದಬೇಕೊ ಪುರಾವೆಯೆಂದು ಓದಬೇಕೊ, ಅದರಲ್ಲಿ ಹೆಣ್ಣಿನ ಪಾಲೆಷ್ಟು ಎಂಬ ಮೂರು ವ್ಯಾಜ್ಯಗಳು ಮಾತ್ರ ಬ್ರಾಂಕ್ಸ್‌ನಿಂದ ಬೆಂಗಳೂರಿನವರೆಗೆ ತೀರ್ಮಾನವಾಗದೆ ಉಳಿದಿವೆ.